ಮೂರನೇ ಸರದಿ, ಇನ್ನೂ ಏಳು ಗಜ

ಅಮೆರಿಕನ್ ಫುಟ್‌ಬಾಲಿನ ವಿಡಿಯೊ ಗೇಮನ್ನು ಮೊದಲ ಸಲ ತೆರೆದಾಗ ಪರದೆಯ ಮೂಲೆಯಲ್ಲಿ ಎರಡು ಅಂಕಿ ಕಾಣುತ್ತವೆ: 3 ಮತ್ತು 7. ಇದು ಸ್ಕೋರ್ ಇರಬೇಕು ಎಂದುಕೊಳ್ಳುವವರೇ ಹೆಚ್ಚು. ಅಲ್ಲ ಮಕ್ಕಳೇ, ಮೂರನೇ ಸರದಿ ನಡೆಯುತ್ತಿದೆ, ಇನ್ನೂ ಏಳು ಗಜ ಮುಂದೆ ಹೋಗಬೇಕು ಎಂದು ಅದರ ಅರ್ಥ. ಈ ಎರಡು ಅಂಕಿ ಓದಲು ಬಂದರೆ ಅರ್ಧ ಆಟ ತಿಳಿದಂತೆ. ಉಳಿದರ್ಧ ನಡೆಯುವುದು ನಿಮ್ಮ ಕಣ್ಣು, ಮಿದುಳು ಮತ್ತು ಬೆರಳುಗಳ ನಡುವೆ. ನನಗೆ ಹೆಚ್ಚು ಪ್ರೀತಿ ಆ ಉಳಿದರ್ಧದ ಮೇಲೆ.

ಬಾಗಲಕೋಟೆ, ಹುನಗುಂದ ಸೀಮೆಯ ಮಕ್ಕಳಿಗೆ ಈ ಆಟ ಕಲಿಯಲು ಒಂದು ಅನುಕೂಲ ಆಗಲೇ ಇದೆ. ನಿಮಗೆ ಕಬಡ್ಡಿ ಗೊತ್ತು. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಲೀಗನ್ನು ಟಿವಿಯಲ್ಲಿ ನೋಡಿದವರಿಗೆ ‘ಡು ಆರ್ ಡೈ’ ರೈಡ್ ಕೂಡ ಗೊತ್ತು. ಒಂದು ತಂಡ ಸತತವಾಗಿ ಎರಡು ರೈಡ್ ಬರಿಗೈಯಲ್ಲಿ ಬಂದರೆ, ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಅಮೆರಿಕನ್ ಫುಟ್‌ಬಾಲಿನ ಜೀವಾಳವೂ ಇಂಥದ್ದೇ ಒಂದು ಒತ್ತಡ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಸರದಿ ಸಿಗುತ್ತವೆ. ಆ ಸರದಿಗೆ ‘ಡೌನ್’ ಎನ್ನುತ್ತಾರೆ. ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು. ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಹತ್ತು ಹತ್ತು ಗಜ ಗೆಲ್ಲುತ್ತಾ ಮೈದಾನದ ಕೊನೆಯ ಪಟ್ಟಿಯೊಳಗೆ ಚೆಂಡು ಒಯ್ದರೆ ‘ಟಚ್‌ಡೌನ್’, ಆರು ಅಂಕ. ದೂರದಿಂದ ಒದ್ದು ಕಂಬಗಳ ನಡುವೆ ಹಾಯಿಸಿದರೆ ಮೂರು ಅಂಕ. ಸದ್ಯಕ್ಕೆ ಇಷ್ಟು ನಿಯಮ ಸಾಕು.

ಹತ್ತು ಗಜ ಎಷ್ಟು ಉದ್ದ ಎಂದು ಕಣ್ಣಿಗೆ ಕಾಣಬೇಕೇ? ಮನೆಯಲ್ಲಿ ಅಜ್ಜಿಯ ಒಂಬತ್ತು ವಾರಿಯ ಇಳಕಲ್ ಸೀರೆ ಇದ್ದರೆ ಕೇಳಿ ನೋಡಿ. ಅಜ್ಜಿ ಒಪ್ಪಿದರೆ ಮಾತ್ರ, ಚಾಪೆಗಳ ಮೇಲೆ ಅದನ್ನು ಉದ್ದಕ್ಕೆ ಹಾಸಿ. ಅದು ಸುಮಾರು 8.2 ಮೀಟರ್. ಅದರ ಮುಂದೆ ಇನ್ನೊಂದು ವಾರಿ ಸೇರಿಸಿದರೆ ಹತ್ತು ಗಜ, ಅಂದರೆ 9.14 ಮೀಟರ್. ಹಿರಿಯ ಪುರುಷರ ಕಬಡ್ಡಿ ಅಂಗಳದ ಅಗಲ 10 ಮೀಟರ್. ಅದಕ್ಕಿಂತ ಇದು ತುಸು ಕಡಿಮೆ. ಸೀರೆಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡಿ. ನಾಲ್ಕು ಸರದಿಗೆ ಇಷ್ಟೇ ದೂರ. ಒಂದೊಂದು ಸರದಿಗೆ ಎರಡೂವರೆ ಗಜ ದಕ್ಕಿದರೂ ಸಾಕು. ಹೊಸಬರು ಪ್ರತಿ ಸಲವೂ ಚೆಂಡನ್ನು ಮೈದಾನದ ಆಚೆ ತುದಿಗೆ ಎಸೆಯಲು ಹೋಗಿ ಕೆಡುವುದು ಈ ಲೆಕ್ಕ ಕಣ್ಣಿಗೆ ಕಟ್ಟದೆ ಇರುವುದರಿಂದ.

ಇನ್ನು ಚೆಂಡು. “ಈ ಚೆಂಡು ತತ್ತಿಯಂಗ ಯಾಕೈತಿ?” ಎಂದು ಮಕ್ಕಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅದು ಸುಮಾರು 11 ಇಂಚು ಉದ್ದ, ಎರಡೂ ತುದಿ ಚೂಪು, ತೂಕ 400 ಗ್ರಾಂ ಆಸುಪಾಸು. ಸುಮ್ಮನೆ ಎಸೆದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾ ಎಲ್ಲೋ ಬೀಳುತ್ತದೆ. ಬೆರಳಿನಿಂದ ಜಾರಿಸಿ ತಿರುಗುವಂತೆ ಎಸೆದರೆ ಮೂತಿ ಮುಂದಿಟ್ಟುಕೊಂಡು ಗಾಳಿ ಸೀಳಿಕೊಂಡು ಹೋಗುತ್ತದೆ. ಒಳ್ಳೆಯ ಎಸೆತಗಾರನ ಚೆಂಡು ಸೆಕೆಂಡಿಗೆ ಸುಮಾರು ಹತ್ತು ಸುತ್ತು ತಿರುಗುತ್ತದೆ. ತಿರುಗುವ ವಸ್ತು ತನ್ನ ಅಕ್ಷವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತಿರುಗುವಾಗ ಮೊಳೆಯ ಮೇಲೆ ನೆಟ್ಟಗೆ ನಿಲ್ಲುವ ಬುಗರಿ ವೇಗ ಕುಗ್ಗಿದೊಡನೆ ತೂರಾಡಿ ಬೀಳುವುದೂ ಇದೇ ನಿಯಮಕ್ಕೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಗಟ್ಟಿಯಾಗಿ ಸುತ್ತಿ, ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು, ಎರಡೂ ತುದಿ ಕಿರಿದಾದ ಚೆಂಡು ಮಾಡಿಕೊಳ್ಳಿ. ಒಮ್ಮೆ ತಿರುಗಿಸದೆ ಎಸೆಯಿರಿ, ಇನ್ನೊಮ್ಮೆ ತಿರುಗಿಸಿ ಎಸೆಯಿರಿ. ಯಾವುದು ಹೇಳಿದ ಕಡೆ ಹೋಯಿತು?

ಮೊಬೈಲಿನ ಒಳಗೆ ಚೆಂಡೇ ಇಲ್ಲ. ಅಲ್ಲಿರುವುದು ಕೆಲವು ಸಂಖ್ಯೆಗಳು. ಚೆಂಡು ಎಷ್ಟು ಮುಂದಿದೆ, ಎಷ್ಟು ಮೇಲಿದೆ, ಯಾವ ಕಡೆಗೆ ಎಷ್ಟು ವೇಗ. ಇಂಥ ಗೇಮುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಅಥವಾ 60 ಸಲ ಈ ಸಂಖ್ಯೆಗಳನ್ನು ತಿದ್ದಿ, ಹೊಸ ಚಿತ್ರ ಬರೆಯುತ್ತವೆ. ನಿಜವಾದ ಭೂಮಿಯ ಗುರುತ್ವವನ್ನೇ ಗೇಮಿಗೆ ಕೊಟ್ಟರೆ, ಸೆಕೆಂಡಿನ 60ನೇ ಒಂದು ಭಾಗದ ಪ್ರತಿ ಹೆಜ್ಜೆಗೂ ಚೆಂಡಿನ ಮೇಲ್ಮುಖ ವೇಗದಿಂದ ಒಂದಿಷ್ಟು ಕಳೆಯುತ್ತಾ ಹೋಗಬೇಕು. ಮೇಲೇರುವ ವೇಗ ಸೊನ್ನೆಯಾಯಿತೇ, ಚೆಂಡು ಶಿಖರದಲ್ಲಿದೆ. ಆಮೇಲೆ ಇಳಿತ. ಆ ಬಾಗಿದ ದಾರಿಗೆ ಪರವಲಯ ಎಂಬ ಹೆಸರು ಇದೆ, ಹೈಸ್ಕೂಲಿನಲ್ಲಿ ಸಿಗುತ್ತದೆ. 2020ರಲ್ಲಿ ಬಂದ ‘ರೆಟ್ರೊ ಬೌಲ್’ ಎಂಬ ಪುಟ್ಟ ಗೇಮಿನಲ್ಲಿ ಬೆರಳನ್ನು ಹಿಂದಕ್ಕೆ ಎಳೆದರೆ ಚೆಂಡು ಹೋಗಲಿರುವ ದಾರಿ ಚುಕ್ಕಿ ಚುಕ್ಕಿಯಾಗಿ ಮೂಡುತ್ತದೆ. ಹೊಸಬರಿಗೆ ಅದು ತುಂಬಾ ಒಳ್ಳೆಯದು. ಅದರಲ್ಲಿ ದಾಳಿ ಮಾತ್ರ ನಿಮ್ಮದು, ರಕ್ಷಣೆಯನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಈಗ ಒಂದು ಲೆಕ್ಕ ಮಾಡೋಣ, ಏಕೆಂದರೆ ಎಲ್ಲರೂ ಸೋಲುವುದು ಇಲ್ಲೇ. ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 45 ಡಿಗ್ರಿ ಕೋನದಲ್ಲಿ ಎಸೆದಿರಿ ಎನ್ನಿ. ಗಾಳಿಯ ತಡೆಯನ್ನು ಮರೆತರೆ ಅದು ಸುಮಾರು 41 ಮೀಟರ್ ಹೋಗಿ ಬೀಳುತ್ತದೆ. ಆಕಾಶದಲ್ಲಿ ಇರುವುದು 2.9 ಸೆಕೆಂಡ್. ಅದನ್ನು ಹಿಡಿಯಲು ಮುಂದೆ ಓಡುವ ನಿಮ್ಮ ಆಟಗಾರ 100 ಮೀಟರನ್ನು ಹನ್ನೆರಡೂವರೆ ಸೆಕೆಂಡಿನಲ್ಲಿ ಓಡುವವನಾದರೆ, ಅಷ್ಟರಲ್ಲಿ ಅವನು 23 ಮೀಟರ್ ಮುಂದೆ ಹೋಗಿರುತ್ತಾನೆ! ಅವನು ಈಗ ಇರುವ ಜಾಗಕ್ಕೆ ಎಸೆದರೆ ಚೆಂಡು ಖಾಲಿ ನೆಲಕ್ಕೆ ಬೀಳುತ್ತದೆ, ಇಲ್ಲವೇ ಹಿಂದೆ ಬರುತ್ತಿದ್ದ ಎದುರಾಳಿಯ ಕೈಗೆ. ಅವನು ಇರಲಿರುವ ಜಾಗಕ್ಕೆ ಎಸೆಯಬೇಕು. ಅದೇ ವೇಗದಲ್ಲಿ 30 ಡಿಗ್ರಿಗೆ ಇಳಿಸಿ ಎಸೆದರೆ ಚೆಂಡು 35 ಮೀಟರ್ ಹೋಗುತ್ತದೆ, ಆದರೆ 2 ಸೆಕೆಂಡಿನಲ್ಲೇ ಮುಟ್ಟುತ್ತದೆ. ದೂರದಲ್ಲಿ ಸ್ವಲ್ಪ ನಷ್ಟ, ಸಮಯದಲ್ಲಿ ದೊಡ್ಡ ಲಾಭ. ‘ಮ್ಯಾಡನ್’ ಎಂಬ ಪ್ರಸಿದ್ಧ ಗೇಮಿನಲ್ಲಿ ಗುಂಡಿಯನ್ನು ಮುಟ್ಟಿ ಬಿಟ್ಟರೆ ಎತ್ತರದ ಎಸೆತ, ಒತ್ತಿ ಹಿಡಿದರೆ ನೇರ ರಭಸದ ಎಸೆತ. ಆ ಎರಡರ ನಡುವಿನ ಆಯ್ಕೆ ಈ ಲೆಕ್ಕವೇ. ಕಾಗದದಲ್ಲಿ ಒಮ್ಮೆ ಮಾಡಿ ನೋಡಿದವರಿಗೆ ಆಮೇಲೆ ಬೆರಳೇ ಹೇಳುತ್ತದೆ.

ಮ್ಯಾಡನ್ ಎಂದರೆ ಒಬ್ಬ ಮನುಷ್ಯನ ಹೆಸರು. ಜಾನ್ ಮ್ಯಾಡನ್ ಓಕ್‌ಲ್ಯಾಂಡ್ ರೈಡರ್ಸ್ ತಂಡದ ತರಬೇತುದಾರರಾಗಿದ್ದವರು. 1980ರ ದಶಕದಲ್ಲಿ ಟ್ರಿಪ್ ಹಾಕಿನ್ಸ್ ಎಂಬ ಕಂಪ್ಯೂಟರ್ ಗೇಮ್ ತಯಾರಕ ಇವರ ಬಳಿ ಬಂದಾಗ, ಅಂದಿನ ಪುಟ್ಟ ಕಂಪ್ಯೂಟರಿನಲ್ಲಿ ಒಂದೊಂದು ಕಡೆಗೆ ಆರೇಳು ಆಟಗಾರರನ್ನು ಓಡಿಸುವುದೇ ಕಷ್ಟವಾಗಿತ್ತು. ಮ್ಯಾಡನ್ ಒಪ್ಪಲಿಲ್ಲ. ಹನ್ನೊಂದಕ್ಕೆ ಹನ್ನೊಂದು ಜನ ಇರಲೇಬೇಕು ಎಂದರು. ಕೆಲಸ ವರ್ಷಗಟ್ಟಲೆ ಹಿಡಿಯಿತು. ಗೇಮ್ ಬಂದದ್ದು 1988ರಲ್ಲಿ, ಆ್ಯಪಲ್ II ಕಂಪ್ಯೂಟರಿಗೆ. ಅವರ ಹಟ ಸರಿಯೆಂದೇ ನನ್ನ ಎಣಿಕೆ. ಇಪ್ಪತ್ತೆರಡು ಜನ ಇದ್ದರೆ ತಾನೇ ಮೈದಾನದಲ್ಲಿ ‘ಓದಲು’ ಏನಾದರೂ ಇರುವುದು?

ಓದುವುದು ಎಂದೆ. ಚುರುಕು ಬೆರಳಿನವರೇ ಗೇಮ್ ಗೆಲ್ಲುತ್ತಾರೆ ಎಂದು ಬಹಳ ಮಂದಿ ನಂಬುತ್ತಾರೆ. ಒಂದು ಪ್ರಯೋಗ ಮಾಡಿ. ಗೆಳತಿ 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ಮೇಲಿನಿಂದ ತೂಗುಹಾಕಿ ಹಿಡಿಯಲಿ. ನಿಮ್ಮ ಹೆಬ್ಬೆರಳು, ತೋರುಬೆರಳು ಸೊನ್ನೆಯ ಗುರುತಿನ ಎರಡು ಬದಿಗೆ, ಮುಟ್ಟದಂತೆ ಇರಲಿ. ಅವಳು ಹೇಳದೆ ಕೈಬಿಡಲಿ, ನೀವು ಹಿಡಿಯಿರಿ. 15 ಸೆಂಟಿಮೀಟರಿನ ಹತ್ತಿರ ಹಿಡಿದರೆ ನಿಮಗೆ ಬೇಕಾದದ್ದು ಸುಮಾರು 0.17 ಸೆಕೆಂಡ್, 20ರ ಹತ್ತಿರವಾದರೆ 0.20. ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಅಲ್ಲಿಂದ ಬೆರಳಿಗೆ ಅಪ್ಪಣೆ ಬರಲು ಇಷ್ಟು ಹೊತ್ತು ಬೇಕೇ ಬೇಕು. ಹತ್ತಾರು ಸಲ ಮಾಡಿದರೂ ಇದು ಅಷ್ಟೇನೂ ಇಳಿಯದು. ನಿಮ್ಮ ವಯಸ್ಸಿನ ಗೆಳೆಯರೂ ಮಾಡಿ ನೋಡಲಿ, ಒಬ್ಬರಿಗೊಬ್ಬರಿಗೆ ಅಂತರವೂ ಬಹಳ ದೊಡ್ಡದಿರುವುದಿಲ್ಲ.

ಹಾಗಾದರೆ ಪಳಗಿದ ಆಟಗಾರ ಮುಂದಿರುವುದು ಹೇಗೆ? ಅವನು ಮೊದಲೇ ನೋಡಿರುತ್ತಾನೆ. ನಿಮ್ಮೂರಿನ ಒಳ್ಳೆಯ ಕಬಡ್ಡಿ ಡಿಫೆಂಡರ್ ರೈಡರನ ಮುಖ ನೋಡುವುದಿಲ್ಲ, ಸೊಂಟ ಮತ್ತು ಕಾಲು ನೋಡುತ್ತಾನೆ. ಭಾರ ಯಾವ ಕಾಲಿಗೆ ಬಿತ್ತೋ ಅದರ ಮೇಲೆ ಮುಂದಿನ ಹೆಜ್ಜೆ ತಿಳಿಯುತ್ತದೆ. ಬಾದಾಮಿಯ ಮರಳುಗಲ್ಲಿನ ಬಂಡೆ ಏರಲು ಬೇರೆ ಬೇರೆ ಊರುಗಳಿಂದ ಬರುವ ಹವ್ಯಾಸಿಗಳನ್ನು ಗಮನಿಸಿ. ಪಳಗಿದವರು ಬಂಡೆ ಮುಟ್ಟುವ ಮೊದಲು ಕೆಳಗೇ ನಿಂತು ಬಹಳ ಹೊತ್ತು ನೋಡುತ್ತಾರೆ. ಯಾವ ಬಿರುಕಿಗೆ ಯಾವ ಕೈ, ಎಲ್ಲಿ ಕಾಲು ಬದಲಿಸಬೇಕು, ಎಲ್ಲಿ ಉಸಿರು ತಗೊಳ್ಳಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನ.

1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ವಿಜ್ಞಾನಿಗಳು ಈ ವಿಷಯವನ್ನು ಚದುರಂಗದಲ್ಲಿ ಪರೀಕ್ಷಿಸಿದರು. ನಿಜವಾದ ಪಂದ್ಯದ ಹಲಗೆಯನ್ನು ಐದು ಸೆಕೆಂಡ್ ತೋರಿಸಿ, ಕಾಯಿಗಳನ್ನು ನೆನಪಿನಿಂದ ಮತ್ತೆ ಜೋಡಿಸಲು ಹೇಳಿದರು. ನುರಿತ ಆಟಗಾರ ಹೊಸಬನಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಯಿ ಸರಿಯಾಗಿ ಇಟ್ಟ. ಆಮೇಲೆ ಕಾಯಿಗಳನ್ನು ಸಿಕ್ಕಾಪಟ್ಟೆ ಚೆಲ್ಲಾಡಿ ತೋರಿಸಿದರು. ಆಗ ನುರಿತವನ ಮೇಲುಗೈ ಹೆಚ್ಚುಕಡಿಮೆ ಮಾಯ! ಅಂದರೆ ಅವನ ನೆನಪಿನ ಶಕ್ತಿ ಹೆಚ್ಚಿರಲಿಲ್ಲ. ನಾಲ್ಕೈದು ಕಾಯಿಗಳನ್ನು ಒಂದೇ ಗುಂಪಾಗಿ ಗುರುತಿಸುವುದು ಅವನಿಗೆ ಬಂದಿತ್ತು, ಅಷ್ಟೇ. ನಮ್ಮ ಫುಟ್‌ಬಾಲ್ ಮೈದಾನದಲ್ಲೂ ಹೀಗೇ. ಹೊಸಬನಿಗೆ ಇಪ್ಪತ್ತೆರಡು ಆಟಗಾರರು ಇಪ್ಪತ್ತೆರಡು ಗೊಂದಲ. ಪಳಗಿದವನಿಗೆ ಅವರು ಮೂರು ನಾಲ್ಕು ಗುಂಪು.

ಗುಂಪು ನೋಡಲು ಕಲಿಯುವುದು ಎಲ್ಲಿಂದ? ಎದುರಾಳಿ ತಂಡದ ಹಿಂಬದಿಯಲ್ಲಿ, ಎಲ್ಲರಿಗಿಂತ ದೂರ ನಿಂತವರನ್ನು ಎಣಿಸಿ. ಅವರಿಗೆ ‘ಸೇಫ್ಟಿ’ ಎಂದು ಹೆಸರು. ಇಬ್ಬರು ದೂರ ನಿಂತಿದ್ದರೆ ಮುಂದೆ ತಡೆಯುವವರು ಅಷ್ಟು ಕಡಿಮೆ. ಚೆಂಡು ಹಿಡಿದು ಓಡುವುದು ಸುಲಭ. ಒಬ್ಬನೇ ಇದ್ದರೆ ಅವನು ನಡುವೆ ಕಾವಲು ಕಾಯುತ್ತಾನೆ. ಅಂಚುಗಳ ಕಡೆಗೆ ಎಸೆಯುವ ಅವಕಾಶ ಹೆಚ್ಚು. ಚೆಂಡು ಆಟಕ್ಕೆ ಬರುವ ಮೊದಲಿನ ಕೆಲವು ಸೆಕೆಂಡುಗಳಲ್ಲಿ ಇದೊಂದನ್ನೇ ನೋಡಿ. ಬೇರೇನೂ ಬೇಡ.

ಆದರೆ ಕಣ್ಣು ಅಲ್ಲಿಗೆ ಹೋಗಬೇಕಾದರೆ ಬೆರಳಿನ ಚಿಂತೆ ಬಿಡಬೇಕು. ಇಳಕಲ್ಲಿನ ಕೈಮಗ್ಗದ ಮುಂದೆ ಕುಳಿತ ಹಿರಿಯರನ್ನು ನೋಡಿ. ಕಾಲು ಮೆಟ್ಟುತ್ತದೆ, ಕೈ ಲಾಳಿ ಓಡಿಸುತ್ತದೆ, ಬಾಯಿ ನಿಮ್ಮ ಜೊತೆ ಮಾತಾಡುತ್ತಿರುತ್ತದೆ. ಕಲಿಯಲು ಕೂತ ಮೊದಲ ದಿನಗಳಲ್ಲಿ ಅವರಿಗೆ ಮಾತು ಹೊರಡುತ್ತಿರಲಿಲ್ಲ, ಕೇಳಿ ನೋಡಿ. ಮತ್ತೆ ಮತ್ತೆ ಮಾಡಿದ ಚಲನೆಯ ಹೊಣೆಯನ್ನು ಅನುಮಸ್ತಿಷ್ಕ ಮತ್ತು ಮಿದುಳಿನ ಆಳದ ಭಾಗಗಳು ಹೆಚ್ಚು ಹೆಚ್ಚಾಗಿ ಹೊರುತ್ತವೆ. ಆಗ ಯೋಚಿಸುವ ಮನಸ್ಸು ಬಿಡುವಾಗುತ್ತದೆ. ಅದೇ ನೇಕಾರರು ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವಾಗ ಸುಮ್ಮನಾಗುತ್ತಾರೆ. ಬಿಡುವಾದ ಮನಸ್ಸು ಬೇಕಾದದ್ದು ಅಲ್ಲಿಗೆ.

ಆದ್ದರಿಂದ ಕಲಿಯುವ ಕ್ರಮ ಹೀಗಿರಲಿ. ಗೇಮಿನಲ್ಲಿ ಅಭ್ಯಾಸದ ವಿಭಾಗವಿದ್ದರೆ ಅಲ್ಲಿ, ಇಲ್ಲದಿದ್ದರೆ ಎಲ್ಲಕ್ಕಿಂತ ಸುಲಭದ ಮಟ್ಟದಲ್ಲಿ ಶುರು ಮಾಡಿ. ನೂರಾರು ‘ಪ್ಲೇ’ಗಳ, ಅಂದರೆ ಒಂದೊಂದು ಸರದಿಗೆ ಹೂಡುವ ತಂತ್ರಗಳ, ಪಟ್ಟಿ ತೆರೆದುಕೊಳ್ಳುತ್ತದೆ, ಗಾಬರಿ ಬೇಡ. ಮೂರನ್ನು ಮಾತ್ರ ಆರಿಸಿ. ಒಂದು ನಡುವಿನಲ್ಲಿ ಓಡುವುದು, ಒಂದು ಐದಾರು ಗಜದ ಚಿಕ್ಕ ಎಸೆತ, ಒಂದು ಉದ್ದದ ಎಸೆತ. ಅವುಗಳ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೆದುಕೊಳ್ಳಿ. ಎದುರಾಳಿ ಒಂದು ಪ್ಲೇಯನ್ನು ತಡೆದರೆ ಏಕೆ ತಡೆದ ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಮಿದುಳು ಕಲಿಯುವುದು ಹೆಚ್ಚಾಗಿ ‘ಹೀಗಾಗುತ್ತದೆ’ ಎಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸದಿಂದ. ಎಸೆಯುವ ಮೊದಲು ಮನಸ್ಸಿನಲ್ಲಿ ಒಂದು ಊಹೆ ಇರದಿದ್ದರೆ ಆ ವ್ಯತ್ಯಾಸವೇ ಹುಟ್ಟುವುದಿಲ್ಲ.

ಮಳೆ ಬಿದ್ದು ಹುನಗುಂದದ ಎರೆ ನೆಲ ಚಪ್ಪಲಿಗೆ ಅಂಟುವ ದಿನಗಳಲ್ಲಿ ಹೊರಗಿನ ಆಟ ನಿಲ್ಲುತ್ತದೆ, ಮೊಬೈಲ್ ಕೈಗೆ ಬರುತ್ತದೆ, ಬಿಡಲು ಮನಸ್ಸಾಗುವುದಿಲ್ಲ. ಒಂದೇ ಸಮನೆ ಮೂರು ಗಂಟೆ ಆಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಂತೆ ಹಂಚಿ ಆಡಿದರೆ ಕಲಿತದ್ದು ಹೆಚ್ಚು ಉಳಿಯುತ್ತದೆ. ಇದನ್ನು ದೊಡ್ಡವರ ಬೈಗುಳ ಎಂದುಕೊಳ್ಳಬೇಡಿ, ಕಲಿಕೆಯ ಬಗ್ಗೆ ನೂರು ವರ್ಷಕ್ಕೂ ಮೀರಿ ನಡೆದ ಪ್ರಯೋಗಗಳು ಹೇಳುವುದೂ ಇದನ್ನೇ. ರಾತ್ರಿಯ ನಿದ್ದೆಯೂ ಪಾಠದ ಭಾಗ. ಬೆರಳುಗಳ ಹೊಸ ಚಲನೆಯನ್ನು ಸಂಜೆ ಕಲಿತು ಮಲಗಿದವರು ಬೆಳಿಗ್ಗೆ ಅದನ್ನು ಇನ್ನೂ ಚುರುಕಾಗಿ, ಕಡಿಮೆ ತಪ್ಪಿನಿಂದ ಮಾಡಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ನಡುವೆ ಅವರು ಅಭ್ಯಾಸ ಮಾಡಿರಲಿಲ್ಲ, ಮಲಗಿದ್ದರು ಅಷ್ಟೇ.

ಮೂರು ಪ್ಲೇ ಕೈಗೆ ಹತ್ತಿದ ಮೇಲೆ, ರಕ್ಷಣೆಯನ್ನೂ ಆಡಲು ಬಿಡುವ ಗೇಮ್ ಸಿಕ್ಕರೆ, ಆ ಕಡೆಗೆ ಹೋಗಿ. ಅಲ್ಲಿ ಸೇಫ್ಟಿಯನ್ನೇ ನಿಮ್ಮ ಆಟಗಾರನನ್ನಾಗಿ ಆರಿಸಿಕೊಳ್ಳಿ. ಎಲ್ಲರ ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ, ಮತ್ತು ಎದುರಿನವನು ಏನು ಎಣಿಸುತ್ತಿದ್ದಾನೆ ಎಂಬುದು ನಿಮಗೆ ಆಗಲೇ ಗೊತ್ತಿರುತ್ತದೆ.