ಕಿಸೆಯೊಳಗಿನ ವಾಚನಾಲಯ

(ಸಂಘದ ವಾಚನಾಲಯದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ವಿಷಯವಾಗಿ ಎರಡು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ. ಎಳೆಯ ವಯಸ್ಸಿನಲ್ಲಿಯೇ ಊರು ಬಿಟ್ಟು ಈ ಮುಂಬಯಿಗೆ ಬಂದು, ಹಗಲು ಮೇಜು ಒರೆಸಿ, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ನಾಲ್ಕಕ್ಷರ ಕಲಿತವನು. ಆಗ ನಮ್ಮ ಹೋಟೆಲಿಗೆ ಊರಿನ ಪತ್ರಿಕೆ ಎರಡು-ಮೂರು ದಿನ ತಡವಾಗಿ ಬರುತ್ತಿತ್ತು. ಅದು ಗಲ್ಲೆಯಿಂದ ಅಡಿಗೆಮನೆಗೆ ಬರುವಷ್ಟರಲ್ಲಿ ಅರ್ಧ ಹರಿದು, ಅರ್ಧ ಎಣ್ಣೆ ಕುಡಿದಿರುತ್ತಿತ್ತು. ಆದರೂ ಒಬ್ಬ ಓದುತ್ತಿದ್ದ, ಹತ್ತು ಮಂದಿ ಕೇಳುತ್ತಿದ್ದೆವು.

ಇಂದು ನಮ್ಮಲ್ಲಿ ಬಹುಮಂದಿಯ ಕಿಸೆಯಲ್ಲಿ ಫೋನಿದೆ. ಅದರಲ್ಲಿ ಹಾಡು ಕೇಳುತ್ತೇವೆ, ಯಕ್ಷಗಾನ ನೋಡುತ್ತೇವೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ದಿನವೆಲ್ಲ ನಿಂತು ದುಡಿದವನಿಗೆ ಮನಸ್ಸಿನ ಆಯಾಸ ಕಳೆಯಬೇಡವೇ? ಆದರೆ ಅದೇ ಫೋನಿನಲ್ಲಿ ಹಳೆಯ ಮಾಸಪತ್ರಿಕೆ, ಪುಸ್ತಕ, ಕಾನೂನು, ಸರಕಾರದ ವರದಿ, ಇವೆಲ್ಲ ಪುಕ್ಕಟೆಯಾಗಿ ದೊರೆಯುತ್ತವೆ. ಈ ಮಾತು ನನಗೆ ತಿಳಿದದ್ದು ಒಬ್ಬ ಗೆಳೆಯನಿಗೆ ನಷ್ಟವಾದ ಮೇಲೆ. ಅದರಲ್ಲಿ ನನ್ನ ಪಾಲಿನ ತಪ್ಪೂ ಇರುವುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅವನು ಒಂದೇ ಹೋಟೆಲಿನಲ್ಲಿ 19 ವರ್ಷ ಸಪ್ಲಾಯರನಾಗಿ ದುಡಿದವನು. 2022ರಲ್ಲಿ ಮೊಣಕಾಲು ಕೈಕೊಟ್ಟಿತು, ಊರಿಗೆ ಹೊರಟ. ಲೆಕ್ಕದವರು 20,000 ರೂಪಾಯಿ ಕೈಗಿತ್ತು, ಇಂಗ್ಲಿಷಿನಲ್ಲಿದ್ದ ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡರು. “ಇಷ್ಟೇಯೋ, ಇನ್ನೇನಾದರೂ ಬರುವುದುಂಟೋ?” ಎಂದು ಅವನು ನನ್ನನ್ನು ಕೇಳಿದ. ನಾಲ್ಕಕ್ಷರ ಬಲ್ಲವನೆಂಬ ಹಮ್ಮಿನಲ್ಲಿ ನಾನು, “ಹೋಟೆಲಿನವರಿಗೆ ಗ್ರಾಚ್ಯುಯಿಟಿ ಎಲ್ಲಿಯದು ಮಾರಾಯ? ಕೊಟ್ಟಷ್ಟು ತೆಗೆದುಕೊಂಡು ಹೋಗು” ಎಂದೆ. ಅವನು ನನ್ನ ಮಾತನ್ನು ನಂಬಿ ಹೋದ.

ತಿಂಗಳ ಬಳಿಕ ನಮ್ಮ ಖೋಲಿಯಲ್ಲಿರುವ ಹುಡುಗನೊಬ್ಬ, ರಾತ್ರಿ ಕಾಲೇಜಿಗೆ ಹೋಗುವವನು, ಈ ಸಂಗತಿಯನ್ನು ಕೇಳಿ ಫೋನು ತೆಗೆದ. ‘ಇಂಡಿಯಾ ಕೋಡ್’ ಎಂಬ ಸರಕಾರದ ಜಾಲತಾಣದಲ್ಲಿ 1972ರ ಗ್ರಾಚ್ಯುಯಿಟಿ ಕಾಯದೆಯನ್ನು ತೆರೆದು ಓದಿ ಅರ್ಥ ಹೇಳಿದ. ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವ ಅಂಗಡಿ-ಹೋಟೆಲುಗಳಿಗೂ ಅದು ಅನ್ವಯಿಸುತ್ತಿತ್ತು. ಐದು ವರ್ಷ ಎಡೆಬಿಡದೆ ದುಡಿದವನಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಕೊಡತಕ್ಕದ್ದೆಂದು ಅದರಲ್ಲಿತ್ತು. ಗೆಳೆಯನ ಕೊನೆಯ ಸಂಬಳ ತಿಂಗಳಿಗೆ 13,000 ರೂಪಾಯಿ. ಕಾಯದೆಯ ಪ್ರಕಾರ 26ರಿಂದ ಭಾಗಿಸಿದರೆ ದಿನಕ್ಕೆ 500. ಹದಿನೈದು ದಿನಕ್ಕೆ 7,500. ಹತ್ತೊಂಬತ್ತು ವರ್ಷಕ್ಕೆ 1,42,500. ಅವನ ಕೈಗೆ ಬಂದದ್ದು 20,000!

ಊರಿನಿಂದ ಅವನನ್ನು ಕರೆಸಿದೆವು. ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದೆವು. ಹದಿನಾಲ್ಕು ತಿಂಗಳು ಅಲೆದ ಮೇಲೆ ಬಾಕಿ 1,22,500 ರೂಪಾಯಿ ಬಂತು. ಆ ಕಾಯದೆ ಐವತ್ತು ವರ್ಷಗಳಿಂದ ಇತ್ತು, ಬಂಧುಗಳೇ. ಹಣ ಅವನದೇ ಆಗಿತ್ತು. ಕಾಗದವನ್ನು ನೋಡಿದವರು ಮಾತ್ರ ನಮ್ಮಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಆ ಹಳೆಯ ಕಾಯದೆಯ ಪುಸ್ತಕವನ್ನು ಈಗ ಕಪಾಟಿನಿಂದ ತೆಗೆದು ವಾದಕ್ಕೆ ಹೋಗಬೇಡಿರಿ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾನೂನುಗಳ ಸ್ಥಾನದಲ್ಲಿ ನಿಂತಿವೆ. ಗ್ರಾಚ್ಯುಯಿಟಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗಿದೆ. ಹದಿನೈದು ದಿನದ ಲೆಕ್ಕ ಅಲ್ಲಿಯೂ ಉಂಟು. ಇಂತಿಷ್ಟು ಅವಧಿಗೆಂದು ಕರಾರು ಮಾಡಿಕೊಂಡು ಸೇರಿದವನಿಗೆ ಒಂದು ವರ್ಷ ದುಡಿದರೂ ಅದು ಸಲ್ಲುತ್ತದೆ. ಈ ನಾಲ್ಕೂ ಸಂಹಿತೆಗಳು ಅದೇ ಇಂಡಿಯಾ ಕೋಡಿನಲ್ಲಿ ದೊರೆಯುತ್ತವೆ. ಆದುದರಿಂದ ಯಾವ ಕಾಗದವನ್ನು ತೆರೆದರೂ ಮೊದಲು ಅದರ ತಾರೀಕು ನೋಡಿರಿ.

ಕಾನೂನು ಕೊಡಲೇಬೇಕಾದುದನ್ನು ಹೇಳುತ್ತದೆ. ಎಷ್ಟು ಕೊಟ್ಟರೆ ಮನುಷ್ಯ ಬದುಕಬಹುದು ಎಂಬುದನ್ನು ತಿಳಿಯಲು ವರದಿಗಳನ್ನು ಓದಬೇಕು. ಅರ್ಜುನ್ ಸೇನ್‌ಗುಪ್ತಾ ಅವರ ಆಯೋಗ 2007ರಲ್ಲಿ ಅಸಂಘಟಿತ ಕಾರ್ಮಿಕರ ಸ್ಥಿತಿಗತಿಯ ವರದಿ ಕೊಟ್ಟಿತು. ದೇಶದ ನೂರಕ್ಕೆ 77 ಮಂದಿ ದಿನಕ್ಕೆ 20 ರೂಪಾಯಿಗಿಂತ ಕಡಿಮೆ ವೆಚ್ಚದಲ್ಲಿ ಬದುಕುತ್ತಿದ್ದರೆಂದು ಅದರಲ್ಲಿದೆ. ಅನೂಪ್ ಸತ್ಪತಿ ಅವರ ತಜ್ಞ ಸಮಿತಿ 2019ರ ವರದಿಯಲ್ಲಿ, 2018ರ ಜುಲೈ ತಿಂಗಳ ಬೆಲೆಗಳನ್ನು ಹಿಡಿದು, ದಿನಕ್ಕೆ 375 ರೂಪಾಯಿ ರಾಷ್ಟ್ರೀಯ ಕನಿಷ್ಠ ಕೂಲಿಯಾಗಬೇಕೆಂದಿತು. ದುಡಿಯುವವನೊಬ್ಬನಿಗೆ ದಿನಕ್ಕೆ 2,400 ಕ್ಯಾಲರಿ, 50 ಗ್ರಾಂ ಪ್ರೋಟೀನು, 30 ಗ್ರಾಂ ಕೊಬ್ಬು ಬೇಕೆಂದು ಅವರು ಲೆಕ್ಕ ಹಾಕಿದ್ದಾರೆ. ಊರಿಗೆಲ್ಲ ಊಟ ಬಡಿಸುವ ನಾವು ನಮ್ಮ ತಟ್ಟೆಯನ್ನು ತಜ್ಞರು ಹೇಗೆ ತೂಗಿದ್ದಾರೆಂದು ನೋಡಬಾರದೇ? ಸಮಿತಿ ಹೇಳಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ, ನಿಜ. ಆದರೆ ಸಂಬಳದ ಮಾತುಕತೆಗೆ ಕುಳಿತಾಗ ಬರಿಗೈಯಲ್ಲಿ ಕೂರುವುದಕ್ಕೂ ಇಂಥ ಲೆಕ್ಕವನ್ನು ಹಿಡಿದು ಕೂರುವುದಕ್ಕೂ ವ್ಯತ್ಯಾಸವಿದೆ. ಗಿರಣಿಯ ಹಿರಿಯರಿಗೂ ಒಂದು ಮಾತು: ಮನೆಗಳ ಲಾಟರಿಯ ವಿಷಯದಲ್ಲಿ ದಲಾಲಿಯ ಬಾಯಿಮಾತನ್ನು ನಂಬುವ ಮೊದಲು ಮ್ಹಾಡಾದ ಜಾಲತಾಣದಲ್ಲಿರುವ ಪ್ರಕಟಣೆಯನ್ನು ಯಾರಿಂದಲಾದರೂ ಓದಿಸಿಕೊಳ್ಳಿರಿ.

ಬರೀ ಕಾನೂನಿನಿಂದ ಹೊಟ್ಟೆ ತುಂಬಿದರೂ ಮನಸ್ಸು ತುಂಬುವುದಿಲ್ಲ. ಕನ್ನಡದ ಓದಿಗೂ ಇಲ್ಲಿ ಕೊರತೆಯಿಲ್ಲ. 1996ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆರಂಭವಾದ ‘ಇಂಟರ್ನೆಟ್ ಆರ್ಕೈವ್’ ಎಂಬ ಗ್ರಂಥಭಂಡಾರದಲ್ಲಿ ಸಾವಿರಾರು ಕನ್ನಡ ಪುಸ್ತಕಗಳೂ ಹಳೆಯ ಪತ್ರಿಕೆಗಳ ಸಂಚಿಕೆಗಳೂ ಇವೆ. ಕನ್ನಡ ವಿಕಿಸೋರ್ಸ್ ಇದೆ. ಖರಗ್‌ಪುರದ ಐಐಟಿಯವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ.

ಆದರೆ ಪುಕ್ಕಟೆ ಸಿಕ್ಕಿದ್ದೆಲ್ಲವೂ ನ್ಯಾಯದ ಮಾಲಲ್ಲ. ನಮ್ಮ ದೇಶದಲ್ಲಿ ಲೇಖಕನು ತೀರಿಕೊಂಡ ಬಳಿಕ 60 ವರ್ಷಗಳವರೆಗೆ ಕೃತಿಯ ಹಕ್ಕು ಅವನ ಕಡೆಯವರದು. ಆಮೇಲೆ ಅದು ಸರ್ವರ ಸೊತ್ತು. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಮಂಜೇಶ್ವರ ಗೋವಿಂದ ಪೈಯವರು 1963ರಲ್ಲಿ. ಇಬ್ಬರೂ ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳನ್ನು ಇಂದು ಯಾರೂ ಅಂಚಬಹುದು, ಹಂಚಬಹುದು. ಆದರೆ ಈಗ ಬರೆಯುತ್ತಿರುವವರ ಪುಸ್ತಕವನ್ನು ಯಾರೋ ಫೋಟೋ ಹಿಡಿದು ವಾಟ್ಸಾಪಿನಲ್ಲಿ ಕಳುಹಿಸಿದರೆ ಅದನ್ನು ಮುಂದೆ ದಾಟಿಸಬೇಡಿರಿ. ಬರೆಯುವವನೂ ಕೂಲಿಯವನೇ. ನಮ್ಮ ಕೂಲಿಗಾಗಿ ಹೋರಾಡುವ ನಾವು ಇನ್ನೊಬ್ಬನ ಕೂಲಿ ಮುರಿಯಬಾರದು.

ಹುಡುಕುವ ರೀತಿ ಕಷ್ಟದ್ದೇನಲ್ಲ. ಪುಸ್ತಕದ ಅಥವಾ ವರದಿಯ ಹೆಸರು, ವರ್ಷ, ಕೊನೆಗೆ ‘ಪಿಡಿಎಫ್’ ಎಂದು ಸೇರಿಸಿ ಹುಡುಕಿರಿ. ಟೈಪು ಮಾಡಲು ಬಾರದಿದ್ದರೆ ಬಾಯಲ್ಲಿ ಹೇಳಿದರೂ ನಡೆಯುತ್ತದೆ. ಸರಕಾರದ ಕಾಗದವಾದರೆ ವಿಳಾಸದ ತುದಿಯಲ್ಲಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದಿದೆಯೇ ನೋಡಿಕೊಳ್ಳಿರಿ. ಪುಕ್ಕಟೆ ಪುಸ್ತಕಕ್ಕೆ ಬ್ಯಾಂಕಿನ ಸಂಖ್ಯೆ ಕೇಳಿದರೆ ಅಲ್ಲಿಗೇ ಮುಚ್ಚಿಬಿಡಿರಿ. ಇಂಗ್ಲಿಷನ್ನು ಫೋನೇ ಕನ್ನಡಕ್ಕೆ ತಿರುಗಿಸಿಕೊಡುತ್ತದೆ. ಸಾರ ತಿಳಿಯಲು ಅಷ್ಟು ಸಾಕು. ಆದರೆ ಹಣದ, ದಿನದ, ‘ಉಂಟು-ಇಲ್ಲ’ದ ಮಾತು ಬಂದಾಗ ಭಾಷೆ ಬಲ್ಲವರಿಂದ ಮೂಲವನ್ನೇ ಓದಿಸಿರಿ.

ಕೊನೆಯದಾಗಿ ಸಂಘಕ್ಕೆ ಒಂದು ಸೂಚನೆ. ತಿಂಗಳಿಗೆ ಎರಡು ರಾತ್ರಿ, ಹೋಟೆಲು ಬಾಗಿಲು ಹಾಕಿದ ಮೇಲೆ, ಈ ವಾಚನಾಲಯದಲ್ಲಿ ಒಂದು ತಾಸು ಕೂಡೋಣ. ಕಾಲೇಜಿನ ಹುಡುಗರು ಓದಲಿ, ನಾವು ಕೇಳೋಣ, ಸಂಶಯ ಬಂದಲ್ಲಿ ಕೇಳಿ ತಿಳಿಯೋಣ. ಯಾವ ಕಾಗದ, ಎಲ್ಲಿ ಸಿಕ್ಕಿತು, ಯಾವ ತಾರೀಕಿನದು ಎಂದು ಒಂದು ವಹಿಯಲ್ಲಿ ಬರೆದಿಡೋಣ. ಫೋನಿಲ್ಲದವರಿಗಾಗಿ ಮುಖ್ಯವಾದ ಒಂದೆರಡು ಪುಟಗಳನ್ನು ಅಚ್ಚು ತೆಗೆದು ಹೊರಗಿನ ಫಲಕಕ್ಕೆ ಅಂಟಿಸೋಣ.

ನನ್ನ ಗೆಳೆಯ ಈಗ ಊರಲ್ಲಿದ್ದಾನೆ. ಆಗಾಗ ಫೋನು ಮಾಡುತ್ತಾನೆ. ಮೊದಲು ಕೇಳುವುದು, “ಆ ಓದುವ ಹುಡುಗ ಹೇಗಿದ್ದಾನೆ?” ಎಂದು, ನನ್ನ ಕ್ಷೇಮಸಮಾಚಾರ ಆಮೇಲೆ. ಅದು ನ್ಯಾಯವೇ. ಓದದೆ ಬುದ್ಧಿ ಹೇಳಿದವನು ನಾನು. ಓದಿ ಹೇಳಿದವನು ಅವನು. ನನ್ನಂತೆ ಬುದ್ಧಿ ಹೇಳುವವರು ಕಡಿಮೆಯಾಗಲಿ, ಅವನಂತೆ ಓದಿ ಹೇಳುವವರು ನಮ್ಮ ಒಂದೊಂದು ಖೋಲಿಯಲ್ಲೂ ಹುಟ್ಟಿಕೊಳ್ಳಲಿ ಎಂದು ಹಾರೈಸುತ್ತೇನೆ.