ಹೆಸರು ಹಿಡಿದು ಕರೆದರೆ ತಿರುಗದ ಮಗು



ದೂರದರ್ಶನದಲ್ಲಿ ಆರೋಗ್ಯದ ಕಾರ್ಯಕ್ರಮ ತಯಾರಿಸುವಾಗ ತೋರಿಸಲು ನಮಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಕ್ಷಯವಾದರೆ ಎದೆಯ ಎಕ್ಸ್‌ರೇ, ಮಲೇರಿಯವಾದರೆ ಸೂಕ್ಷ್ಮದರ್ಶಕದ ಕೆಳಗಿನ ರಕ್ತದ ಹನಿ, ಸಕ್ಕರೆ ಕಾಯಿಲೆಯಾದರೆ ಒಂದು ಸಂಖ್ಯೆ. ಆಟಿಸಂ, ಅಂದರೆ ಸ್ವಲೀನತೆಯ ವಿಷಯಕ್ಕೆ ಬಂದರೆ ಕ್ಯಾಮೆರಾದ ಮುಂದೆ ಹಿಡಿಯಲು ಏನೂ ಇಲ್ಲ. ರಕ್ತ ಪರೀಕ್ಷೆಯಿಂದಾಗಲಿ ಮೆದುಳಿನ ಸ್ಕ್ಯಾನಿನಿಂದಾಗಲಿ ಇದನ್ನು ಗೊತ್ತುಮಾಡಲು ಇಂದಿಗೂ ಬರುವುದಿಲ್ಲ. ಹಾಗಾದರೆ ವೈದ್ಯರು ಯಾವ ಆಧಾರದ ಮೇಲೆ ಹೇಳುತ್ತಾರೆ? ಮಗುವನ್ನು ನೋಡಿ, ಮತ್ತು ಆ ಮಗುವನ್ನು ದಿನವೂ ನೋಡಿದವರ ಮಾತು ಕೇಳಿ. ಈ ಎರಡನೆಯದು ನಮ್ಮ ಕಡೆ ಹೇಗೆ ನಡೆಯುತ್ತದೆ, ಎಲ್ಲಿ ತಡೆಯುತ್ತದೆ ಎಂಬುದೇ ಇಂದಿನ ವಿಷಯ.

ಇಳಕಲ್ಲಿನ ನೇಕಾರರ ಮನೆಯೊಂದನ್ನು ಊಹಿಸಿಕೊಳ್ಳಿ. ಎರಡೂವರೆ ವರ್ಷದ ಗಂಡು ಮಗು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ; ಆದರೆ ಒಳಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಾದರೆ ಓಡಿ ಬರುತ್ತದೆ. ಮಗ್ಗದ ಲಾಳಿ ಅತ್ತಿಂದಿತ್ತ ಓಡುವುದನ್ನು ಬಹಳ ಹೊತ್ತು ನೋಡುತ್ತ ಕೂಡುತ್ತದೆ. ಬೇಕಾದ ವಸ್ತುವಿಗೆ ಬೆರಳು ಮಾಡುವುದಿಲ್ಲ; ತಾಯಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಆ ಕೈಯನ್ನೇ ವಸ್ತುವಿನ ಮೇಲೆ ಇಡುತ್ತದೆ. ಆಕಾಶದಲ್ಲಿ ವಿಮಾನ ಹೋದರೆ ಸಾಮಾನ್ಯವಾಗಿ ಒಂದೂವರೆ ವರ್ಷದ ಮಗು ಬೆರಳು ತೋರಿಸಿ, ಹಿಂತಿರುಗಿ ತಾಯಿಯ ಮುಖ ನೋಡುತ್ತದೆ, 'ನೀನೂ ನೋಡಿದೆಯಾ' ಎಂಬಂತೆ. ಈ ಮಗು ಹಾಗೆ ನೋಡುವುದಿಲ್ಲ. ಇವುಗಳಲ್ಲಿ ಯಾವುದೋ ಒಂದು ಕಂಡ ಮಾತ್ರಕ್ಕೆ ಆಟಿಸಂ ಎನ್ನಲಾಗದು. ಇತರರೊಡನೆ ಮಾತಿನಲ್ಲಿ, ಸನ್ನೆಯಲ್ಲಿ ಬೆರೆಯುವುದು ಬೇರೆ ರೀತಿಯದಾಗಿರಬೇಕು. ಮಾಡಿದ್ದನ್ನೇ ಮಾಡುವ, ಒಂದೇ ವಸ್ತುವಿಗೆ ಅಂಟಿಕೊಳ್ಳುವ, ಕೆಲವು ಸದ್ದು ಸ್ಪರ್ಶಗಳನ್ನು ಸಹಿಸಲಾರದಂಥ ಸ್ವಭಾವವೂ ಇರಬೇಕು. ಎರಡೂ ಎಳವೆಯಿಂದಲೇ ಬಂದಿರಬೇಕು. ಒಟ್ಟಾಗಿ ಕಂಡಾಗ ಮಾತ್ರ ಅನುಮಾನಕ್ಕೆ ಬಲ ಬರುತ್ತದೆ.

ತಾಯಿಗೆ ಅನುಮಾನ ಬಂದಿದೆ. ಅತ್ತೆ ಹೇಳುತ್ತಾರೆ: "ಅವರಪ್ಪಗೂ ನಾಕು ವರ್ಷಕ್ಕ ಮಾತು ಬಂದಾವ, ಸುಮ್ಮನಿರವಾ." ನೆರೆಯವರು ದೃಷ್ಟಿ ತೆಗೆಯಲು ಹೇಳುತ್ತಾರೆ. ಬಾದಾಮಿಯ ಬನಶಂಕರಿಗೆ ಹರಕೆ ಹೊರುವುದೂ ಆಗುತ್ತದೆ. ಹರಕೆಗೆ ನನ್ನ ಆಕ್ಷೇಪವಿಲ್ಲ. ಹರಕೆ ತೀರುವವರೆಗೆ ಆಸ್ಪತ್ರೆ ಬೇಡ ಎನ್ನುವುದಕ್ಕೆ ಇದೆ. ಮಾತು, ಆಟ, ಒಡನಾಟಗಳನ್ನು ಕಲಿಸುವ ತರಬೇತಿ ಎಷ್ಟು ಬೇಗ ಆರಂಭವಾದರೆ ಅಷ್ಟು ಪ್ರಯೋಜನ. ಎರಡೂವರೆ ವರ್ಷಕ್ಕೆ ಸಿಗಬೇಕಾದ ನೆರವು ಆರನೆಯ ವರ್ಷಕ್ಕೆ ಸಿಕ್ಕರೆ ನಡುವಿನ ಕಾಲ ಹೋಯಿತಷ್ಟೇ.

ತಾಯಂದಿರು ಬಾಯಿ ಬಿಡದಿರಲು ಇನ್ನೊಂದು ಕಾರಣವಿದೆ: ದೂರು ಅವರ ಮೇಲೆಯೇ ಬರುತ್ತದೆ. ಇದು ನಮ್ಮ ಹಳ್ಳಿಗಳ ಅಜ್ಞಾನವೆಂದು ಭಾವಿಸಬೇಡಿ. ಅಮೆರಿಕದಲ್ಲಿ ವಿದ್ವಾಂಸರೇ 1950 ಮತ್ತು 60ರ ದಶಕಗಳಲ್ಲಿ, ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತು ಎಂದು ಬರೆದರು. 1977ರಲ್ಲಿ ಸೂಸನ್ ಫೋಲ್ಸ್ಟೈನ್ ಮತ್ತು ಮೈಕಲ್ ರಟರ್ ಅವಳಿ ಮಕ್ಕಳ ಅಧ್ಯಯನ ಪ್ರಕಟಿಸಿ, ಆನುವಂಶಿಕತೆಯ ಪಾತ್ರ ದೊಡ್ಡದೆಂದು ತೋರಿಸಿದ ಮೇಲೆ ಆ ವಾದ ಬಿದ್ದುಹೋಯಿತು. ನಮ್ಮ ಓಣಿಗಳಲ್ಲಿ ಅದು ಇನ್ನೂ ಬಿದ್ದಿಲ್ಲ.

ಇಂಥ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ, ಏಕೆಂದರೆ ಕಿವಿ ಕೇಳದ ಮಗುವೂ ಕರೆದರೆ ತಿರುಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಅವರು ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುವುದು ಕ್ರಮ. ಇಳಕಲ್ಲಿನವರು ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಹೋಗುತ್ತಾರೆ. ಅಲ್ಲಿ ತೀರ್ಮಾನವಾಗದಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಮಾತಿನ ತೊಂದರೆಯೇ ಮುಂದಾಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ದಿನಗೂಲಿಯ ಮನೆಗೆ ಒಂದೊಂದು ಪ್ರಯಾಣವೂ ಒಂದೆರಡು ದಿನದ ದುಡಿಮೆ.

ಇಷ್ಟು ದೂರ ಹೋದ ಮೇಲೆ ವೈದ್ಯರು ಮಗುವನ್ನು ನೋಡುವುದು ಅರ್ಧ ಗಂಟೆಯೋ ಒಂದು ಗಂಟೆಯೋ. ಹೊಸ ಜಾಗದಲ್ಲಿ ಮಗು ಅಳುತ್ತದೆ ಇಲ್ಲವೇ ನಿದ್ದೆ ಹೋಗುತ್ತದೆ. ನಮಗಾದರೆ ಶಾಟ್ ಸರಿ ಬರದಿದ್ದರೆ ಇನ್ನೊಮ್ಮೆ ತೆಗೆಯುತ್ತೇವೆ, ವೈದ್ಯರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಮನೆಯವರ ವಿವರಣೆಯೇ ಅವರ ಮುಖ್ಯ ಉಪಕರಣ. ಇದು ಮೊದಲಿನಿಂದಲೂ ಹೀಗೆಯೇ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ವಕೀಲರೊಬ್ಬರು 1938ರಲ್ಲಿ ತಮ್ಮ ಐದು ವರ್ಷದ ಮಗ ಡೊನಾಲ್ಡ್‌ನ ನಡವಳಿಕೆಯನ್ನು 33 ಪುಟಗಳಲ್ಲಿ ಟೈಪ್ ಮಾಡಿಸಿ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಅವರಿಗೆ ಕಳಿಸಿದರು. ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಮೊದಲನೆಯ ಮಗು ಇವನೇ. ಡೊನಾಲ್ಡ್ ಟ್ರಿಪ್ಲೆಟ್ ಮುಂದೆ ಕಾಲೇಜು ಓದಿ, ಬ್ಯಾಂಕಿನಲ್ಲಿ ದುಡಿದು, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ತಾಯಂದಿರು 33 ಪುಟ ಟೈಪ್ ಮಾಡಿಸಬೇಕಾಗಿಲ್ಲ. ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ಚಿತ್ರ, ಮಗು ಊಟ ಮಾಡುವಾಗ, ಓಣಿಯ ಮಕ್ಕಳ ನಡುವೆ ಇರುವಾಗ, ಬಹಳ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಓದು ಬಲ್ಲ ಅಕ್ಕ ಅಣ್ಣಂದಿರು ನೀವೇ ಆದ್ದರಿಂದ, ಯಾವ ತಿಂಗಳಲ್ಲಿ ಮೊದಲ ಮಾತು, ಬಂದ ಮಾತು ನಿಂತುಹೋಯಿತೇ, ಯಾವ ಸದ್ದಿಗೆ ಕಿವಿ ಮುಚ್ಚುತ್ತಾನೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಬಹುದು.

ನಮ್ಮ ದೇಶದಲ್ಲಿ ಇದಕ್ಕೊಂದು ಅಳತೆಪಟ್ಟಿಯೂ ಇದೆ. 2009ರಿಂದ ಬಳಕೆಯಲ್ಲಿರುವ ಇದನ್ನು ಐಎಸ್ಎಎ ಎನ್ನುತ್ತಾರೆ. ಇದರಲ್ಲಿ 40 ಅಂಶಗಳಿವೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಅಂದರೆ ಕನಿಷ್ಠ 40, ಗರಿಷ್ಠ 200. 70 ಮುಟ್ಟದಿದ್ದರೆ ಆಟಿಸಂ ಇಲ್ಲವೆಂದು ಲೆಕ್ಕ. 153 ದಾಟಿದರೆ ತೀವ್ರ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಇದೇ ಆಧಾರ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆ ಅದನ್ನು ಸೇರಿಸಿತು. ಆದರೂ ಈ ಅಂಕವನ್ನು ಪರೀಕ್ಷೆಯ ಅಂಕದಂತೆ ನೋಡುವುದು ನನಗೆ ಅಷ್ಟು ಸರಿಕಾಣದು. 'ಸ್ಪೆಕ್ಟ್ರಂ' ಎಂಬ ಮಾತನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ: ಪಟ್ಟಕದ ಮೂಲಕ ಹಾಯ್ದ ಬೆಳಕಿನ ರೋಹಿತ. ಅಲ್ಲಿ ಕೆಂಪು ಎಂದರೆ 'ಕಡಿಮೆ ನೇರಳೆ' ಅಲ್ಲ. ಒಬ್ಬನಿಗೆ ಮಾತೇ ಇಲ್ಲದಿರಬಹುದು, ಇನ್ನೊಬ್ಬಳು ನಿರರ್ಗಳವಾಗಿ ಮಾತಾಡಿಯೂ ಮದುವೆ ಮನೆಯ ಗದ್ದಲದಲ್ಲಿ ಹತ್ತು ನಿಮಿಷ ನಿಲ್ಲಲಾರದೆ ಒದ್ದಾಡಬಹುದು.

ಆ ಎರಡನೆಯವಳು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆಟಿಸಂ ಇರುವವರಲ್ಲಿ ನಾಲ್ಕು ಹುಡುಗರಿಗೆ ಒಬ್ಬ ಹುಡುಗಿ ಎಂಬುದು ಬಹುಕಾಲದ ಲೆಕ್ಕವಾಗಿತ್ತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಅದು ಮೂರಕ್ಕೆ ಒಂದರ ಹತ್ತಿರ ಬಂತು. ಹುಡುಗಿಯರು ಗೆಳತಿಯರನ್ನು ನೋಡಿ ನಗು, ಮಾತು, ನಿಲುವನ್ನು ಅನುಕರಿಸಿ ತಮ್ಮ ಕಷ್ಟವನ್ನು ಮರೆಮಾಡುವುದುಂಟು. ನಮ್ಮಲ್ಲಂತೂ "ಭಾಳ ಶಾಣ್ಯಾ ಹುಡುಗಿ, ಸದ್ದೇ ಇಲ್ಲ" ಎಂದು ಹೊಗಳಿ ಮುಗಿಸುತ್ತೇವೆ. ಇಂಥವರಲ್ಲಿ ಕೆಲವರು ಕಾಲೇಜಿಗೆ ಬಂದ ಮೇಲೆ ಬಳಲಿಕೆ, ಆತಂಕ ಎಂದು ವೈದ್ಯರ ಬಳಿಗೆ ಹೋದಾಗ ವಿಷಯ ತಿಳಿಯುತ್ತದೆ. ಇನ್ನು ಕೆಲವರಿಗೆ ತಮ್ಮ ಮಗುವನ್ನು ತೋರಿಸಲು ಹೋಗಿ, ವೈದ್ಯರ ಪ್ರಶ್ನೆಗಳನ್ನು ಕೇಳುತ್ತ ಕೇಳುತ್ತ, 'ನಾನೂ ಹೀಗೆಯೇ ಇದ್ದೆನಲ್ಲ' ಎಂದು ಹೊಳೆಯುತ್ತದೆ.

ದೊಡ್ಡವರಾದ ಮೇಲೆ ಗುರುತಿಸುವಾಗಲೂ ವೈದ್ಯರು ಕೇಳುವುದು ಹಳೆಯ ಪ್ರಶ್ನೆಯನ್ನೇ: ಮೂರು ವರ್ಷದವರಿದ್ದಾಗ ಹೇಗಿದ್ದಿರಿ? ಅದಕ್ಕೆ ಉತ್ತರ ಸ್ವಂತ ನೆನಪಿನಲ್ಲಿ ಇರುವುದಿಲ್ಲ. ತಾಯಿಯನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಹೋಗಬೇಕು. ಒಂದನೆಯ ತರಗತಿಯ ಪ್ರಗತಿಪತ್ರ ಟ್ರಂಕಿನ ತಳದಲ್ಲಿ ಸಿಕ್ಕರೆ, ಗುರುಗಳು ಬರೆದ ಷರಾ ಇದ್ದರೆ, ಅದನ್ನೂ ಒಯ್ಯಬಹುದು.