ಕೆಲಸಗಾರ ನಿಲ್ಲುವುದೇಕೆ?

"ಕೆಲಸ ಬಾರದವನನ್ನು ತಂದು ಕಲಿಸಿದೆವು, ಕೈ ಕುದುರಿತು ಎನ್ನುವಷ್ಟರಲ್ಲಿ ಬಿಟ್ಟುಹೋದ." ಅಂಗಡಿಯವರ, ಕಾರ್ಖಾನೆಯವರ ಈ ದೂರನ್ನು ತಾವು ಕೇಳಿಯೇ ಇರುತ್ತೀರಿ. ಬೇರೆಡೆ ಕೆಲಸ ಸುಲಭವಾಗಿ ದೊರೆಯುವಾಗ ಕೆಲಸಗಾರನನ್ನು ಉಳಿಸಿಕೊಳ್ಳುವುದು ಹೇಗೆ?

ಹಳೆಯ ಉಪಾಯವೊಂದಿತ್ತು: ಸಾಲದ ಹಗ್ಗ. ಕೊಡಗಿನ ಕಾಫಿ ತೋಟಗಳಿಗೆ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಿದ್ದರು. ಬ್ರಿಟಿಷರ 1859ರ ಕಾಯಿದೆಯೊಂದು, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಶಿಕ್ಷೆಗೆ ಗುರಿಮಾಡುತ್ತಿತ್ತು. ಅದನ್ನು ರದ್ದುಪಡಿಸಿದ್ದು 1925ರಲ್ಲಿ. ಹಗ್ಗ ಆಳಿನ ಕಾಲನ್ನು ಹಿಡಿದೀತು, ಮನಸ್ಸನ್ನಲ್ಲ.

ಇನ್ನೊಂದು ದಾರಿಯನ್ನು ಅಮೆರಿಕದಲ್ಲಿ ನೋಡೋಣ. ಡೆಟ್ರಾಯಿಟ್ ನಗರದ ಬಳಿ ಹೆನ್ರಿ ಫೋರ್ಡರ ಮೋಟಾರು ಕಾರ್ಖಾನೆಯಿತ್ತು. ಅಲ್ಲಿ ಸುಮಾರು 14,000 ಮಂದಿಯನ್ನು ಕೆಲಸದಲ್ಲಿ ಇರಿಸಿಕೊಳ್ಳಲು 1913ರಲ್ಲಿ 52,000ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಬೇಕಾಯಿತು! ಸರಿಯುವ ಸಾಲಿನ ಮುಂದೆ ನಿಂತು ದಿನವಿಡೀ ಒಂದೇ ತಿರುಪು ಬಿಗಿಯುವ ಕೆಲಸ. ಸಿಟ್ಟು ಬಂದರೆ ಮೇಲ್ವಿಚಾರಕ ಆ ಕ್ಷಣವೇ ಹೊರಹಾಕುತ್ತಿದ್ದ. ಊರಿನಲ್ಲಿ ಬೇರೆ ಕಾರ್ಖಾನೆಗಳಿದ್ದವು. ಜನ ಏಕೆ ನಿಂತಾರು?

ಹೊಸಬನಿಗೆ ಕಲಿಸುವ ಹೊತ್ತು, ಅವನ ಕೈಯಲ್ಲಿ ಕೆಡುವ ಸಾಮಾನು, ತಡವಾಗುವ ಕೆಲಸ - ಇವು ಸಂಬಳದ ಪುಸ್ತಕದಲ್ಲಿ ಕಾಣುವುದಿಲ್ಲ. ಆದರೆ ತೆರುವವನು ಒಡೆಯನೇ. ಇದನ್ನು ಅರಿತ ಸಂಸ್ಥೆ, 1913ರ ಅಕ್ಟೋಬರಿನಲ್ಲಿ ಕೂಲಿಯನ್ನು ಸ್ವಲ್ಪ ಏರಿಸಿತು. ಮನಬಂದಂತೆ ತೆಗೆದುಹಾಕುವ ಅಧಿಕಾರವನ್ನು ಮೇಲ್ವಿಚಾರಕನಿಂದ ಕಿತ್ತುಕೊಂಡಿತು. 1914ರ ಜನವರಿ 5ರಂದು, ದುಡಿಮೆ 9 ಗಂಟೆಯಿಂದ 8ಕ್ಕೆ ಇಳಿಯುವುದೆಂದೂ, ಸುಮಾರು ಎರಡೂಕಾಲು ಡಾಲರಿದ್ದ ದಿನಗೂಲಿ 5 ಡಾಲರಿಗೆ ಏರುವುದೆಂದೂ ಸಾರಿತು. ಚಳಿಯಲ್ಲಿ ಸಾವಿರಾರು ಮಂದಿ ಕೆಲಸ ಬೇಡುತ್ತ ಬಾಗಿಲಿಗೆ ಬಂದು ಮುತ್ತಿದರು. ನೂರು ಹುದ್ದೆಗಳಿಗೆ ವರ್ಷಕ್ಕೆ 370ರಷ್ಟಿದ್ದ ಬದಲಾವಣೆ 1915ರಲ್ಲಿ 16ಕ್ಕೆ ಇಳಿಯಿತು.

ಆದರೆ ಇಷ್ಟಕ್ಕೇ ಭಲೆ ಎನ್ನಬೇಡಿ. ಆ 5 ಡಾಲರಿನಲ್ಲಿ ಅರ್ಧದಷ್ಟು ಲಾಭದ ಪಾಲು. ಅದು ಕೈಸೇರಬೇಕಾದರೆ ಸಂಸ್ಥೆಯವರು ಮನೆಗೇ ಬಂದು, ಮನೆ ಚೊಕ್ಕಟವಾಗಿದೆಯೇ, ಕುಡಿತವುಂಟೇ, ಉಳಿತಾಯವುಂಟೇ ಎಂದು ವಿಚಾರಿಸಿ ಒಪ್ಪಬೇಕಿತ್ತು. ಹೆಂಗಸರಿಗೆ ಮೊದಲು ಆ ಪಾಲೇ ಇರಲಿಲ್ಲ. ಇದೂ ಹಗ್ಗವೇ, ಬಂಗಾರದ್ದು.

ಹಾಗಾದರೆ ನಮಗೆ ಉಳಿಯುವ ಪಾಠವೇನು? ಒಳ್ಳೆಯ ಕೂಲಿ ಬೇಕೇ ಬೇಕು. ಅದರೊಡನೆ, ನಾಳೆಯೂ ಕೆಲಸವಿರುತ್ತದೆಂಬ ನೆಮ್ಮದಿ, ತಪ್ಪಾದಾಗ ತನ್ನ ಮಾತನ್ನೂ ಕೇಳುವರೆಂಬ ಭರವಸೆ ಬೇಕು. ಹೋಗಬಲ್ಲವನು ಹೋಗದೆ ನಿಂತರೆ ಅದೇ ಒಡೆತನಕ್ಕೆ ಸಂದ ಮರ್ಯಾದೆ. ತಮ್ಮಲ್ಲಿ ಇಬ್ಬರೇ ಆಳುಗಳು ಇರಲಿ, ಇನ್ನೂರು ಇರಲಿ, "ನೀನೇಕೆ ಹೊರಟೆ?" ಎಂದು ಹೊರಟವನನ್ನು ಕೇಳುವ ಮೊದಲು, "ನಿನಗೇನು ಕಷ್ಟ?" ಎಂದು ಇರುವವನನ್ನು ಕೇಳಿ ನೋಡಿ.